ಕೊರಡು ಚಿಗುರುತ್ತದೆ, ಆಮೇಲೆ?

(ಆಡಿದ ಮಾತನ್ನು ಸ್ವಲ್ಪ ಒಪ್ಪ ಮಾಡಿ ಬರೆದದ್ದು. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಕಡಿದ ಆಲದ ಬೊಡ್ಡೆಯನ್ನು ಬೋನ್ಸಾಯ್ ಮಾಡುವ ಬಗ್ಗೆ, ಅಂದರೆ ಕುಂಡದಲ್ಲಿದ್ದೇ ದೊಡ್ಡ ಮರದ ಹಾಗೆ ಕಾಣುವ ಗಿಡ್ಡ ಮರ ಮಾಡುವ ಬಗ್ಗೆ. ಮೊದಲು ಮೇಜಿನ ಮೇಲಿರುವ ಇದನ್ನು ನೋಡಿಬಿಡಿ. ಹಿಂದೆ ಕೂತವರು ಆಮೇಲೆ ಹತ್ತಿರ ಬಂದು ಮುಟ್ಟಿಯೂ ನೋಡಬಹುದು. ಇದು ಸಣ್ಣ ಎಲೆಯ ಆಲದ ಜಾತಿಯ ಒಂದು ಬೊಡ್ಡೆ. ಬುಡದಲ್ಲಿ 30 ಸೆಂಟಿಮೀಟರ್ ದಪ್ಪ, ಎತ್ತರ 60. ಒಂದೇ ಒಂದು ಎಲೆ ಇಲ್ಲ. ಬೇರು ಅಂತ ಇರುವುದು ಮೋಟು ಬೆರಳಿನಂಥ ಆರೇಳು ತುಂಡು. ಕಿತ್ತು ಮೂರು ದಿನವಾಯಿತು, ಅಲ್ಲಿಂದ ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿ ಇಟ್ಟಿದ್ದೆ. ಕಾಂಡದ ಅರ್ಧ ಎತ್ತರದಲ್ಲಿ ಸೀಮೆಸುಣ್ಣದ ಒಂದು ಗೆರೆ ಕಾಣುತ್ತದಲ್ಲ, ಅದು ನನ್ನದು. ನಾಳೆ ಬೆಳಿಗ್ಗೆ ಅಲ್ಲಿ ಗರಗಸ ಹಾಕಬೇಕು ಅಂತಿದ್ದೇನೆ. ಆ ಗೆರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಂಥ ಬೊಡ್ಡೆ ತೋರಿಸಿದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಇದು ಬದುಕುತ್ತದಾ? ಬದುಕುತ್ತದೆ. ಕಾಲ ಸರಿಯಾಗಿದ್ದರೆ, ಕೊಳೆಯದಂತೆ ನೋಡಿಕೊಂಡರೆ, ಬಹುಪಾಲು ಬದುಕುತ್ತದೆ. ನಾನು ಹದಿನೈದು ವರ್ಷದಿಂದ ಈ ಹುಚ್ಚು ಹತ್ತಿಸಿಕೊಂಡಿದ್ದೇನೆ. ಬದುಕಿಸುವುದರಲ್ಲಿ ಸೋತದ್ದು ಕಡಿಮೆ. ಬದುಕಿದ ಮೇಲೆ ಸೋತದ್ದೇ ಜಾಸ್ತಿ. ನನ್ನ ತಾರಸಿಯ ಮೂಲೆಯಲ್ಲಿ ಹಸಿರು ಜುಟ್ಟು ಬಿಟ್ಟುಕೊಂಡ ದಪ್ಪ ದಪ್ಪ ಕೊರಡುಗಳು ಸಾಲಾಗಿ ಕೂತಿವೆ. ಎಲ್ಲವೂ ಗಟ್ಟಿಮುಟ್ಟಾಗಿವೆ. ಒಂದೂ ಮರದ ಹಾಗೆ ಕಾಣುವುದಿಲ್ಲ. ಹಾಗಾಗಿ ಬದುಕಿಸುವುದನ್ನು ಬೇಗ ಮುಗಿಸಿ, ಆಮೇಲಿನ ಕಥೆಗೆ ಹೆಚ್ಚು ಹೊತ್ತು ಕೊಡುತ್ತೇನೆ.

ಆಲದ ಕುಟುಂಬಕ್ಕೆ ಇಷ್ಟು ಜೀವ ಎಲ್ಲಿಂದ ಬಂತು? ಫೈಕಸ್ ಅನ್ನುವ ಈ ಗುಂಪಿನಲ್ಲಿ ಸುಮಾರು 800 ಜಾತಿಗಳಿವೆ. ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಅಂಜೂರ ಎಲ್ಲ ಒಂದೇ ಮನೆಯವು. ಇವುಗಳಲ್ಲಿ ಎಷ್ಟೋ ಜಾತಿಗಳು ನೆಲದಲ್ಲಿ ಹುಟ್ಟುವುದೇ ಇಲ್ಲ. ಹಕ್ಕಿ ಹಾಕಿದ ಬೀಜ ಇನ್ನೊಂದು ಮರದ ಕವಲಿನಲ್ಲೋ, ಬಂಡೆಯ ಸೀಳಿನಲ್ಲೋ, ಗೋಡೆಯ ಬಿರುಕಿನಲ್ಲೋ ಮೊಳೆಯುತ್ತದೆ. ಅಲ್ಲಿ ಮಣ್ಣಿಲ್ಲ, ನೀರು ಯಾವತ್ತೋ ಒಂದು ದಿನ. ಅಂಥ ಕಡೆ ಬದುಕಬೇಕಾದರೆ ಸಿಕ್ಕ ಜಾಗದಲ್ಲಿ ಬೇರು ಬಿಡುವುದು ಗೊತ್ತಿರಬೇಕು. ಕಾಂಡದ ಯಾವ ಭಾಗದಿಂದಲಾದರೂ ಬಿಳಲು ಇಳಿಸುವ ಶಕ್ತಿ ಅಲ್ಲಿಂದ ಬಂದದ್ದು. ತೊಗಟೆಯ ಕೆಳಗೆ ಮಲಗಿರುವ ಕಣ್ಣುಗಳೂ, ಅಂದರೆ ಚಿಗುರಿನ ಮೊಗ್ಗುಗಳೂ, ಹಾಗೆಯೇ. ತುದಿ ಇರುವವರೆಗೆ ತುದಿಯಿಂದ ಇಳಿಯುವ ಆಕ್ಸಿನ್ ಅನ್ನುವ ಹಾರ್ಮೋನು ಅವುಗಳನ್ನು ಮಲಗಿಸಿರುತ್ತದೆ. ತುದಿ ಕಡಿದರೆ ಎಚ್ಚರ. ಈ ಬೊಡ್ಡೆಯೊಳಗೆ ವರ್ಷಗಟ್ಟಲೆ ಕೂಡಿಟ್ಟ ಪಿಷ್ಟ ಇದೆ. ಎಲೆ ಇಲ್ಲದೆಯೂ ಕೆಲವು ವಾರ ಅದನ್ನೇ ತಿಂದುಕೊಂಡು ಇರುತ್ತದೆ.

ಎಲ್ಲ ಜಾತಿಯೂ ಒಂದೇ ಥರ ಅಂದುಕೊಳ್ಳಬೇಡಿ. ಫೈಕಸ್ ಮೈಕ್ರೋಕಾರ್ಪ, ಅಂದರೆ ಈ ಸಣ್ಣ ಎಲೆಯದ್ದು, ಎಲ್ಲಕ್ಕಿಂತ ಉದಾರಿ. ಬೋಳು ಮಾಡಿ ಕಡಿದರೂ ಹಳೇ ತೊಗಟೆಯಿಂದ ಚಿಗುರುತ್ತದೆ. ನರ್ಸರಿಗಳಲ್ಲಿ ಇದನ್ನೇ ರೆಟೂಸ ಅನ್ನುವ ಹೆಸರಲ್ಲೂ ಮಾರುತ್ತಾರೆ, ಗಾಬರಿಯಾಗಬೇಡಿ. ಫೈಕಸ್ ಬೆಂಜಮಿನ ನೋಡಲು ಚೆಂದ, ಆದರೆ ಮುನಿಸು ಜಾಸ್ತಿ. ಅದರ ಕೊಂಬೆಯನ್ನು ಒಂದೂ ಎಲೆ ಉಳಿಸದೆ ಕಡಿದರೆ ಆ ಕೊಂಬೆ ಹಿಂದಕ್ಕೆ ಒಣಗುತ್ತಾ ಬರುವುದೇ ಹೆಚ್ಚು. ಅರಳಿಯ ಬೊಡ್ಡೆ ಸುಲಭವಾಗಿ ಬದುಕುತ್ತದೆ, ಎಲೆ ಸಣ್ಣದಾಗಲು ಮಾತ್ರ ಒಪ್ಪುವುದಿಲ್ಲ. ಉದ್ದ ತೊಟ್ಟು, ಬಾಲದಂಥ ತುದಿ. ಅದನ್ನು ದೊಡ್ಡ ಬೋನ್ಸಾಯ್ ಆಗಿಯೇ ಬೆಳೆಸಬೇಕು. ಅತ್ತಿಗೂ ಅದೇ ಮಾತು. ಹಣ್ಣಿನ ಅಂಜೂರ ಬೇರೆಯದೇ ಲೆಕ್ಕ. ಅದು ಎಲೆ ಉದುರಿಸಿ ಮಲಗುವ ಮರ. ಮಲಗಿದ್ದಾಗ ಕಿತ್ತು, ಏಳುವ ಮುಂಚೆ ನೆಡಬೇಕು. ಉಳಿದ ಬಿಸಿನಾಡಿನ ಜಾತಿಗಳಿಗೆ ಇದರ ಉಲ್ಟಾ. ಬೆಳೆಯುವ ಹುರುಪಿನಲ್ಲಿದ್ದಾಗ, ರಾತ್ರಿಯೂ ಬೆಚ್ಚಗಿರುವ ಕಾಲದಲ್ಲಿ ಕೀಳಬೇಕು. ಚಳಿಯಲ್ಲಿ ಕಿತ್ತ ಆಲದ ಬೊಡ್ಡೆ ಸುಮ್ನೆ ಕೂತು ಕೂತು ಬುಡದಿಂದ ಕೊಳೆಯುತ್ತದೆ.

ಎಲ್ಲಿಂದ ತರುವುದು? ಕಾಡಿಗೆ ಹೋಗಬೇಡಿ. ಹೋಗುವ ಅಗತ್ಯವೂ ಇಲ್ಲ. ಈ ಮರಗಳ ಬೇರು ಪಾಯ ಎತ್ತುತ್ತದೆ, ಚರಂಡಿ ಒಡೆಯುತ್ತದೆ, ಗೋಡೆ ಸೀಳುತ್ತದೆ. ಆದ್ದರಿಂದ ಯಾರಾದರೂ ಎಲ್ಲಾದರೂ ಕಡಿಸುತ್ತಲೇ ಇರುತ್ತಾರೆ. ಹಳೇ ಬೇಲಿ ತೆಗೆಯುವಾಗ, ಕಟ್ಟಡ ಕೆಡವುವಾಗ, ರಸ್ತೆ ಅಗಲ ಮಾಡುವಾಗ ಬೊಡ್ಡೆಗಳು ಕಸವಾಗಿ ಬೀಳುತ್ತವೆ. ಜಾಗದ ಮಾಲೀಕರನ್ನು ಕೇಳಿ, ಕಡಿಯಲು ಅನುಮತಿ ಇದೆಯಾ ಅಂತಲೂ ಖಾತ್ರಿ ಮಾಡಿಕೊಂಡು ತನ್ನಿ. ನನಗೆ ತುಂಬ ಇಷ್ಟ ಬೇಲಿಯ ಬೊಡ್ಡೆಗಳು. ವರ್ಷಗಟ್ಟಲೆ ಕತ್ತರಿ ತಿಂದು ತಿಂದು ಬುಡದಲ್ಲೇ ಕವಲೊಡೆದಿರುತ್ತವೆ. ಅರ್ಧ ಕೆಲಸ ಅಲ್ಲೇ ಆಗಿಹೋಗಿರುತ್ತದೆ. ಗೋಡೆಯಿಂದ ಬಂದದ್ದಕ್ಕೆ ಒಂದು ಬದಿ ಚಪ್ಪಟೆ ಇರುತ್ತದೆ. ಅದನ್ನು ದೋಷ ಅಂತ ಎಸೆಯಬೇಡಿ, ಹಿಂಬದಿ ಮಾಡಿಕೊಂಡರಾಯಿತು.

ತರುವ ಮುಂಚೆ ತೂಕದ ಲೆಕ್ಕ ಹಾಕಿ. 30 ಸೆಂಟಿಮೀಟರ್ ದಪ್ಪ, 60 ಎತ್ತರದ ಹಸಿ ಕಾಂಡ ಅಂದರೆ ಹತ್ತಿರ ಹತ್ತಿರ 40 ಕೆಜಿ. ಇದು ಬರೀ ಮರ. ಮಣ್ಣು, ಪೆಟ್ಟಿಗೆ, ನೀರು ಸೇರಿದರೆ ಎರಡರಷ್ಟು. ಇವತ್ತು ಇದನ್ನು ಮೇಜಿಗೆ ಏರಿಸಲು ನಾಲ್ಕು ಜನ ಬೇಕಾಯಿತು. ನನ್ನ ಸೊಂಟ ಹಿಡಿದದ್ದು ಇಂಥದ್ದೇ ಒಂದನ್ನು ಒಬ್ಬನೇ ಎತ್ತಲು ಹೋಗಿ. ಎರಡು ವಾರ ಹಾಸಿಗೆ. ಬೊಡ್ಡೆಗೆ ಏನೂ ಆಗಲಿಲ್ಲ.

ಈಗ ಸೀಮೆಸುಣ್ಣದ ಗೆರೆಗೆ ಬರೋಣ.

ಹೊಸಬರು ಮಾಡುವ ದೊಡ್ಡ ತಪ್ಪು ಎತ್ತರವಾಗಿ ಕಡಿಯುವುದು. ನಾನೂ ಮಾಡಿದ್ದೇನೆ, ಒಂದಲ್ಲ ಆರು ಸಲ. ಕಾಂಡದ ಮೇಲ್ಭಾಗದಲ್ಲಿ ಎರಡು ಒಳ್ಳೆ ಕೊಂಬೆ ಇರುತ್ತವೆ. ಅಯ್ಯೋ, ಇಷ್ಟು ದಪ್ಪ ಕೊಂಬೆ ಬರಲು ಎಷ್ಟು ವರ್ಷ ಬೇಕು, ಇದನ್ನು ಉಳಿಸಿಕೊಳ್ಳೋಣ ಅನ್ನಿಸುತ್ತದೆ. ಉಳಿಸಿಕೊಂಡರೆ ಏನಾಗುತ್ತದೆ? ಬುಡದಿಂದ ಮೇಲಿನವರೆಗೆ ಒಂದೇ ದಪ್ಪದ ಕಂಬ, ಕಂಬದ ತಲೆಯ ಮೇಲೆ ಒಂದು ಪೊರಕೆ. ಅಜ್ಜ ನೆಟ್ಟ ಆಲದಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳಲು ಆಗುತ್ತದಾ? ಕಣ್ಣಿಗೆ ದೊಡ್ಡ ಮರ ಅನ್ನಿಸಬೇಕಾದರೆ ಕಾಂಡ ಬುಡದಲ್ಲಿ ದಪ್ಪಗಿದ್ದು ಮೇಲೆ ಹೋದಂತೆ ಸಣ್ಣಗಾಗಬೇಕು. ಬೋನ್ಸಾಯ್ ಮಾಡುವವರು ಇದನ್ನು ಟೇಪರ್ ಅನ್ನುತ್ತಾರೆ. ಕಡಿದು ತಂದ ಬೊಡ್ಡೆಯಲ್ಲಿ ಅದು ಇರುವುದೇ ಅಪರೂಪ. ದಪ್ಪ ಕಾಂಡವನ್ನು ಬಗ್ಗಿಸಿ ಚೆಂದ ಮಾಡಲೂ ಆಗದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಉಳಿದಿರುವ ದಾರಿ ಒಂದೇ. ಕಡಿಯುವುದು, ಹೊಸದನ್ನು ಬೆಳೆಸುವುದು, ಮತ್ತೆ ಕಡಿಯುವುದು. ಚೀನಾದ ದಕ್ಷಿಣದ ಲಿಂಗ್ನಾನ್ ಪರಂಪರೆಯವರು ಕೊಂಬೆ ಬಗ್ಗಿಸಲು ಸುತ್ತುವ ತಂತಿಗಿಂತ ಹೆಚ್ಚಾಗಿ ಕತ್ತರಿಯನ್ನೇ ನಂಬಿ ಮರ ರೂಪಿಸುತ್ತಾ ಬಂದದ್ದು ಇದೇ ದಾರಿಯಲ್ಲಿ. ಬಿಡುವುದು, ಕತ್ತರಿಸುವುದು. ಬೇಗ ಬೆಳೆಯುವ ಆಲಕ್ಕೆ ಇದಕ್ಕಿಂತ ಹೊಂದುವ ವಿಧಾನ ನಾನು ಕಂಡಿಲ್ಲ.

ಎಷ್ಟು ಕೆಳಗೆ ಕಡಿಯಬೇಕು? ಮರದ ಎತ್ತರ ಬುಡದ ದಪ್ಪದ ಆರು ಪಟ್ಟು ಇರಲಿ ಅಂತ ಒಂದು ಹಳೇ ಅಳತೆ ಇದೆ. ಆ ಪ್ರಕಾರ ಇದು 180 ಸೆಂಟಿಮೀಟರ್ ಆಗಬೇಕು, ನನಗಿಂತ ಎತ್ತರ. ಅದು ಕುಂಡದಲ್ಲಿರುವ ಮರ ಆಗುತ್ತದೆ, ಬೋನ್ಸಾಯ್ ಆಗುವುದಿಲ್ಲ. ದಪ್ಪ ಬೊಡ್ಡೆಗೆ ಎರಡೂವರೆ, ಮೂರು ಪಟ್ಟು ಸಾಕು. ಅಂದರೆ 75ರಿಂದ 90. ಮೊದಲ ಕಡಿತ ಅದರ ಮೂರನೇ ಒಂದು ಭಾಗದಲ್ಲಿ. ಹಾಗಾಗಿ ಗೆರೆ 30ರ ಹತ್ತಿರ ಬಿತ್ತು. ಹೌದು, ತಂದದ್ದರಲ್ಲಿ ಅರ್ಧ ಎಸೆಯುವ ಲೆಕ್ಕ. ಎಸೆಯಬೇಕಾಗಿಲ್ಲ ಅನ್ನಿ, ಆ ತುಂಡನ್ನೂ ನೆಟ್ಟರೆ ಬೇರು ಬಿಡುತ್ತದೆ.

ಗೆರೆ ಹಾಕುವ ಮುಂಚೆ ಬುಡ ತೊಳೆಯಿರಿ. ಇದು ಮುಖ್ಯ. ಕಾಂಡ ನೆಲಕ್ಕೆ ಕೂರುವ ಜಾಗದಲ್ಲಿ ಬೇರುಗಳು ಸುತ್ತಲೂ ಹರಡಿ ಹಿಡಿದಿರುವ ನೋಟಕ್ಕೆ ಜಪಾನಿಗಳು ನೆಬಾರಿ ಅನ್ನುತ್ತಾರೆ. ಅದು ಎಲ್ಲಿ ಚೆನ್ನಾಗಿ ಕಾಣುತ್ತದೋ ಅದು ಮುಂಬದಿ. ಒಳ್ಳೆಯ ಬೇರು ಮಣ್ಣಿನ ಮಟ್ಟದಿಂದ ಒಂದು ಗೇಣು ಕೆಳಗೆ ಅಡಗಿರುವುದೂ ಉಂಟು. ಆಗ ನೀವು 30 ಅಂದುಕೊಂಡದ್ದು ನಿಜವಾಗಿ 50 ಆಗಿರುತ್ತದೆ. ಮೊದಲು ಎತ್ತರ ನಿರ್ಧರಿಸಿ ಆಮೇಲೆ ಬೇರು ನೋಡಿದವರು ಎರಡೆರಡು ಸಲ ಕಡಿಯುತ್ತಾರೆ.

ಕಡಿತ ಅಡ್ಡಕ್ಕೆ, ನೇರವಾಗಿ, ಗುರುತಿಗಿಂತ ನಾಲ್ಕೈದು ಸೆಂಟಿಮೀಟರ್ ಮೇಲೆ ಇರಲಿ. ಓರೆ ಕಡಿತ ಚೆಂದ ಅಂತ ಮೊದಲ ದಿನವೇ ಓರೆ ಕಡಿಯಬೇಡಿ. ಚಿಗುರು ಯಾವ ಬದಿಯಿಂದ ಬರುತ್ತದೆ ಅಂತ ಇನ್ನೂ ಗೊತ್ತಿಲ್ಲ. ಚಿಗುರು ಬಂದು, ಮುಂದಿನ ತುದಿ ಯಾವುದು ಅಂತ ಆರಿಸಿಕೊಂಡ ಮೇಲೆ, ಅದರ ಬೆನ್ನಿಗೆ ಓರೆಯಾಗಿ ಕಡಿದರಾಯಿತು. ಗರಗಸ ಬಿದ್ದ ತಕ್ಷಣ ಹಾಲು ಸುರಿಯುತ್ತದೆ. ನೀರು ಚಿಮುಕಿಸಿ, ಕೆಲವು ನಿಮಿಷದಲ್ಲಿ ನಿಲ್ಲುತ್ತದೆ. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಕಣ್ಣಿಗೆ ತಾಗಬಾರದು. ಕೆಲವರ ಚರ್ಮಕ್ಕೂ ಆಗುವುದಿಲ್ಲ, ಗ್ಲೌಸ್ ಹಾಕಿ. ಅಂಜೂರದ ಹಾಲು ತಾಗಿದ ಚರ್ಮ ಬಿಸಿಲಿಗೆ ಬಿದ್ದರೆ ಸುಟ್ಟಂತೆ ಬೊಕ್ಕೆ ಏಳುವುದುಂಟು.

ಬೇರುಗಳನ್ನು ಒಂದು ಗೇಣಿನೊಳಗೆ ಕಡಿಯಿರಿ. ನೇರ ಕೆಳಗೆ ಇಳಿಯುವ ತಾಯಿಬೇರನ್ನು ಪೂರಾ ತೆಗೆಯಿರಿ. ತಳ ಮೇಜಿನ ಮೇಲೆ ಅಲುಗಾಡದೆ ಕೂರುವಷ್ಟು ಚಪ್ಪಟೆಯಾಗಬೇಕು. ಗರಗಸದ ಅಂಚು ಜುಂಗು ಜುಂಗಾಗಿರುತ್ತದೆ, ಅದನ್ನು ಹರಿತ ಚಾಕುವಿನಿಂದ ಒಪ್ಪ ಮಾಡಿ. ಹೊಸ ಬೇರು ಹೊರಡುವುದು ತೊಗಟೆ ಮತ್ತು ಮರ ಸೇರುವ ಆ ಉಂಗುರದಿಂದಲೇ. ಬೇರಿನ ಹಾರ್ಮೋನ್ ಪುಡಿ ಇದ್ದರೆ ಅಲ್ಲಿಗೇ ಹಚ್ಚಿ, ಇಲ್ಲದಿದ್ದರೂ ಚಿಂತೆಯಿಲ್ಲ.

ನೆಡಲು ಚೆಂದದ ಕುಂಡ ಬೇಡ. ತಳದಲ್ಲಿ ಚೆನ್ನಾಗಿ ತೂತಿರುವ ಮರದ ಪೆಟ್ಟಿಗೆ ಸಾಕು. ತುಂಬುವುದು ಮಣ್ಣಲ್ಲ, 3ರಿಂದ 6 ಮಿಲಿಮೀಟರ್ ಕಾಳಿನ ಗಟ್ಟಿ ಪದಾರ್ಥ. ಪ್ಯೂಮಿಸ್ ಅನ್ನುವ ಹಗುರ ತೂತುಗಲ್ಲಾಗಬಹುದು, ಲಾವಾ ಕಲ್ಲಾಗಬಹುದು, ಜರಡಿ ಹಿಡಿದ ಇಟ್ಟಿಗೆ ಚೂರಾಗಬಹುದು. ಧೂಳು ಇರಬಾರದು. ನೀರು ಹಾಕಿದರೆ ಹಿಂದೆಯೇ ಹರಿದುಹೋಗಬೇಕು. ಬೇರಿಲ್ಲದ ಬೊಡ್ಡೆಗೆ ಬಾಯಾರಿಕೆಗಿಂತ ಕೊಳೆಯುವ ಭಯ ಹೆಚ್ಚು. ಇನ್ನೊಂದು: ಬೊಡ್ಡೆಯನ್ನು ಪೆಟ್ಟಿಗೆಗೆ ಬಿಗಿಯಾಗಿ ಕಟ್ಟಿ. ಗಾಳಿಗೆ ಚೂರು ಅಲುಗಿದರೂ ಕೂದಲೆಳೆಯ ಹೊಸ ಬೇರು ಮುರಿಯುತ್ತದೆ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಬೆಳಕಿರುವ ನೆರಳಲ್ಲಿಡಿ. ಗೊಬ್ಬರ ಬೇಡ.

ಮೂರರಿಂದ ಆರು ವಾರದಲ್ಲಿ ತೊಗಟೆಯ ಮೇಲೆ ಹಸಿರು ಚುಕ್ಕೆಗಳು ಏಳುತ್ತವೆ. ಮನೆಯಲ್ಲಿ ಸಂಭ್ರಮ. ನಾನು ಹೇಳುವುದು, ಆ ಚಿಗುರನ್ನು ನಂಬಬೇಡಿ. ಅದು ಕೂಡಿಟ್ಟ ಗಂಟಿನ ಖರ್ಚು. ಬೇರು ಬಂದಿದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಮೊದಲ ಚಿಗುರು ಒಂದಿಷ್ಟು ಬೆಳೆದು ನಿಲ್ಲುತ್ತದೆ. ಎರಡನೇ ಸಲ ಹುರುಪಿನಿಂದ ಹೊರಟರೆ, ಎಲೆ ಬಿಸಿಲಲ್ಲಿ ಜೋಲದೆ ನಿಂತರೆ, ಆಗ ಬೇರು ಹಿಡಿದಿದೆ ಅಂತ ಅರ್ಥ. ನಾನು ಒಮ್ಮೆ ಹೊದಿಕೆ ಬೇಗ ತೆಗೆದೆ, ಎರಡು ದಿನದಲ್ಲಿ ಎಲೆಯೆಲ್ಲ ಜೋತುಬಿತ್ತು. ಬೇರು ಬಂದಿದೆಯಾ ನೋಡೋಣ ಅಂತ ಬೊಡ್ಡೆ ಎತ್ತಿದೆ. ಬಂದಿತ್ತು, ಬೆರಳುದ್ದ, ಬೆಳ್ಳಗೆ. ಎತ್ತುವಾಗ ಅಷ್ಟೂ ಮುರಿದವು. ಆ ಬೊಡ್ಡೆ ಎರಡನೇ ಸಲ ಚಿಗುರಲಿಲ್ಲ.

"ಗಾಯಕ್ಕೆ ಏನು ಹಚ್ಚಬೇಕು?" ಅಂತ ಇಲ್ಲಿ ಒಬ್ಬರು ಕೇಳಿದರು.

ಒಳ್ಳೆ ಪ್ರಶ್ನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿ ಆಲೆಕ್ಸ್ ಶೈಗೋ ಅಂತ ಒಬ್ಬ ವಿಜ್ಞಾನಿ ಇದ್ದರು. ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ಗಾಯ ಒಳಗೆ ಏನಾಗುತ್ತದೆ ಅಂತ ನೋಡಿದವರು. 1970ರ ದಶಕದಲ್ಲಿ ಅವರು ಹೇಳಿದ್ದು, ನಮ್ಮ ಮೈಯ ಹಾಗೆ ಮರದ ಗಾಯ ಮಾಯುವುದಿಲ್ಲ ಅಂತ. ಗಾಯವಾದ ಭಾಗ ಅಲ್ಲೇ ಇರುತ್ತದೆ. ಮರ ಅದರ ಸುತ್ತ ಒಳಗೊಳಗೇ ಗೋಡೆ ಕಟ್ಟಿ ಕೊಳೆ ಹರಡದಂತೆ ತಡೆಯುತ್ತದೆ, ಹೊರಗಿನಿಂದ ಹೊಸ ಪದರ ಬೆಳೆದು ಮುಚ್ಚುತ್ತದೆ. ಗಾಯಕ್ಕೆ ಬಣ್ಣ ಬಳಿದರೆ ಕೊಳೆ ನಿಲ್ಲುತ್ತದೆ ಅನ್ನುವುದನ್ನು ಅವರು ಒಪ್ಪಲಿಲ್ಲ. ನಾವು ಬೋನ್ಸಾಯ್‌ನವರು ಪೇಸ್ಟ್ ಹಚ್ಚುವುದು ಬೇರೆ ಕಾರಣಕ್ಕೆ. ಅಂಚಿನ ತೊಗಟೆ ಒಣಗಿ ಹಿಂದೆ ಸರಿಯಬಾರದು, ಉಂಗುರ ಹಸಿಯಾಗಿರಬೇಕು, ಅಷ್ಟೆ. ಹಾಗಾಗಿ ಅಂಚಿಗೆ ಹಚ್ಚಿ, ನಡುವಿಗೆ ಬಳಿದು ಉಪಯೋಗವಿಲ್ಲ.

ಇದು ಗೊತ್ತಾದ ಮೇಲೆ ಒಂದು ಕಹಿ ಸತ್ಯ ಎದುರಾಗುತ್ತದೆ. ಈ ಬೊಡ್ಡೆಯನ್ನು ಗೆರೆಯಲ್ಲಿ ಕಡಿದರೆ ಮೇಲೆ ತಟ್ಟೆಯಷ್ಟು ಅಗಲದ ಗಾಯ ಉಳಿಯುತ್ತದೆ. ಸುಮಾರು 25 ಸೆಂಟಿಮೀಟರ್. ನಾಲ್ಕೈದು ಸೆಂಟಿಮೀಟರಿನ ಗಾಯ ಹುರುಪಿನ ಆಲದಲ್ಲಿ ಎರಡು ಮೂರು ವರ್ಷದಲ್ಲಿ ಮುಚ್ಚಬಹುದು. ಇದು ಒಂದು ಚಿಗುರಿನಿಂದ ಮುಚ್ಚುವ ಮಾತೇ ಇಲ್ಲ. ಹಾಗಾದರೆ ದಾರಿ?

ಪೈನ್, ಜೂನಿಪರ್ ಥರದ ಚಳಿನಾಡಿನ ಮರಗಳಲ್ಲಿ ಬೋನ್ಸಾಯ್ ಮಾಡುವವರು ಗಾಯವಾದ ಕಡೆ ತೊಗಟೆ ಸುಲಿದು ಬಿಳಿ ಒಣಮರ ಮಾಡಿ ಚೆಂದ ಕಾಣಿಸುತ್ತಾರೆ. ಆಲದಲ್ಲಿ ಅದು ನಡೆಯುವುದಿಲ್ಲ. ಇದರ ಮರ ಮೆದು, ಕೆಲವೇ ವರ್ಷದಲ್ಲಿ ಕೊಳೆತು ಉದುರುತ್ತದೆ. ಪುಸ್ತಕದ ಚಿತ್ರ ನೋಡಿ ನಾನೂ ಸುಣ್ಣ ಗಂಧಕದ ದ್ರಾವಣ ಬಳಿದು ನೋಡಿದೆ. ಮೂರನೇ ಮಳೆಗಾಲಕ್ಕೆ ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು.

ನನ್ನ ಅಭಿಪ್ರಾಯ ಕೇಳುವುದಾದರೆ, ಪೈನ್ ಮರದ ಅಳತೆಗೋಲನ್ನು ಆಲಕ್ಕೆ ಹಿಡಿಯುವುದೇ ತಪ್ಪು. ಒಂದು ತುದಿ, ತ್ರಿಕೋನದ ತಲೆ, ಎಡಕ್ಕೊಂದು ಬಲಕ್ಕೊಂದು ಕೊಂಬೆ ಆಲದ ರೂಪವೇ ಅಲ್ಲ. ವಯಸ್ಸಾದ ಆಲ ಹೇಗಿರುತ್ತದೆ? ಗಿಡ್ಡ ದಪ್ಪ ಕಾಂಡ, ಅಲ್ಲಿಂದಲೇ ನಾಲ್ಕೈದು ದೊಡ್ಡ ಟೊಂಗೆ ಹೊರಕ್ಕೆ ಹರಡಿ, ಕೊಡೆಯಂಥ ತಲೆ. ಹಾಗಾದರೆ ಆ ತಟ್ಟೆಯ ಅಂಚಿನ ಸುತ್ತ ಏಳುವ ಚಿಗುರುಗಳಲ್ಲಿ ನಾಲ್ಕೈದನ್ನು ಉಳಿಸಿಕೊಂಡು ಎಲ್ಲವನ್ನೂ ಟೊಂಗೆ ಮಾಡೋಣ. ಎತ್ತರ, ದಪ್ಪ ಬೇರೆ ಬೇರೆ ಇರಲಿ. ಒಂದು ಎಲ್ಲಕ್ಕಿಂತ ಹೆಚ್ಚು ಬೆಳೆಯಲಿ. ನಡುವಿನ ಮರವನ್ನು ಉಳಿಯಿಂದ ಬಟ್ಟಲಿನಂತೆ ತೋಡಿ, ಹಿಂಬದಿಗೆ ನೀರು ಹರಿದುಹೋಗುವ ಹಾಗೆ ಒಂದು ಕಾಲುವೆ ಬಿಡಿ. ಟೊಂಗೆಗಳು ದಪ್ಪಗಾಗುತ್ತಾ ಬುಡದಲ್ಲಿ ಒಂದನ್ನೊಂದು ಮುಟ್ಟುತ್ತವೆ. ಮುಟ್ಟಿದರೆ ಬೆಸೆದುಕೊಳ್ಳುತ್ತವೆ.

ಈ ಬೆಸುಗೆಯೇ ಆಲದ ನಿಜವಾದ ವರ. ಎರಡು ಹಸಿ ಕಾಂಡಗಳನ್ನು ಒತ್ತಿ ಕಟ್ಟಿಟ್ಟರೆ ಒಂದಾಗುತ್ತವೆ. ಇನ್ನೊಂದು ಮರವನ್ನು ಸುತ್ತಿ ನುಂಗುವ ಆಲದ ಬಿಳಲುಗಳು ಜಾಲವಾಗುವುದು ಹೀಗೆಯೇ. ನಾವು ಇದನ್ನು ಮೂರು ಕಡೆ ಬಳಸಬಹುದು. ಗಾಯದ ಮೇಲೆ ಎಳೆ ಗಿಡಗಳನ್ನು ಸೇತುವೆಯಂತೆ ಮಲಗಿಸಿ ಕಟ್ಟಿ, ಮುಚ್ಚುವ ಕೆಲಸ ಬೇಗ ಮಾಡಿಸಬಹುದು. ಕೊಂಬೆ ಬೇಕಾದ ಜಾಗದಲ್ಲಿ ಕಾಂಡಕ್ಕೆ ತೂತು ಕೊರೆದು, ಉದ್ದ ರೆಂಬೆಯನ್ನು ಎಲೆ ತೆಗೆದು ಅದರಲ್ಲಿ ತೂರಿಸಿದರೆ ದಪ್ಪಗಾಗುತ್ತಾ ಅಲ್ಲೇ ಅಂಟಿಕೊಳ್ಳುತ್ತದೆ. ಬುಡದಲ್ಲಿ ಬೇರಿಲ್ಲದ ಬದಿಗೆ ಬೇರಿರುವ ಪುಟ್ಟ ಗಿಡವನ್ನು ತೊಗಟೆ ಸೀಳಿ ಕೂರಿಸಿದರೆ, ಅದರ ಬೇರೇ ಮರದ ಬೇರಾಗುತ್ತದೆ. ಬೆಸೆದದ್ದು ಖಾತ್ರಿಯಾದ ಮೇಲೆ ಬೇಡದ ತಲೆ ಕತ್ತರಿಸಿ.

ಇದಕ್ಕೆಲ್ಲ ಬೇಕಾದ ಎಳೆ ಗಿಡ ಎಲ್ಲಿಂದ ತರುವುದು? ಇಲ್ಲಿ ಒಂದು ಮಾತು, ದಯವಿಟ್ಟು ಮರೆಯಬೇಡಿ. ಬೊಡ್ಡೆ ತಂದ ದಿನವೇ ಅದರ ಕಡಿದ ರೆಂಬೆಗಳಲ್ಲಿ ಇಪ್ಪತ್ತು ಮೂವತ್ತನ್ನು ನೆಟ್ಟುಬಿಡಿ. ಅವು ಅದೇ ಮರ. ಎಲೆಯ ಆಕಾರ, ತೊಗಟೆಯ ಬಣ್ಣ, ಎಲ್ಲ ಒಂದೇ. ಬೇರೆ ಗಿಡ ತಂದು ಬೆಸೆದರೆ ಹತ್ತು ವರ್ಷವಾದರೂ ತೊಗಟೆಯ ಬಣ್ಣ ತೇಪೆ ಹಾಕಿದಂತೆ ಕಾಣುತ್ತದೆ. ನನ್ನ ಒಂದು ಮರ ಹಾಗೆ ಆಗಿದೆ. ತೋರಿಸಲು ತರಲಿಲ್ಲ, ನಾಚಿಕೆ.

ಬೆಳೆಸುವ ವರ್ಷಗಳಲ್ಲಿ ಮಾಡಬೇಕಾದ್ದು ಹೆಚ್ಚಿಲ್ಲ, ಮಾಡದೆ ಇರುವುದೇ ಕಷ್ಟ. ಕೊಂಬೆ ದಪ್ಪ ಆಗಬೇಕಾದರೆ ಉದ್ದ ಬೆಳೆಯಬೇಕು. ಒಂದು ಮೀಟರ್, ಎರಡು ಮೀಟರ್ ಹೋಗಲಿ. ಬಂದವರು ಇದೇನು ಪೊದೆ ಅನ್ನುತ್ತಾರೆ, ಅನ್ನಲಿ. ಕತ್ತರಿ ಹಿಡಿದು ವಾರವಾರ ತುದಿ ಚಿವುಟುವವರ ಮರ ಎಂದೂ ದಪ್ಪಗಾಗುವುದಿಲ್ಲ. ಬೇಕಾದ ದಪ್ಪ ಬಂದ ಮೇಲೆ ಮೊದಲ ಒಂದೆರಡು ಗೆಣ್ಣಿಗೆ ಕಡಿದು, ಹೊಸ ಚಿಗುರಿನಲ್ಲಿ ದಿಕ್ಕು ಬದಲಿಸಿ ಮತ್ತೆ ಬಿಡುವುದು. ಒಂದೇ ಜಾಗದಿಂದ ಆರೇಳು ಚಿಗುರು ಗುಂಪಾಗಿ ಎದ್ದರೆ ಮಾತ್ರ ಬೇಗ ಎರಡು ಉಳಿಸಿ ಉಳಿದವನ್ನು ತೆಗೆಯಿರಿ. ಇಲ್ಲದಿದ್ದರೆ ಆ ಜಾಗ ಗಂಟು ಕಟ್ಟಿ, ಕೆಳಗಿಗಿಂತ ಮೇಲೇ ದಪ್ಪಗಾಗುತ್ತದೆ. ಅದನ್ನು ಸರಿಮಾಡಲು ಮತ್ತೆ ಕಡಿಯಬೇಕು.

ತಂತಿ ಸುತ್ತಿದರೆ ಕಣ್ಣಿಡಿ. ಬೆಚ್ಚಗಿನ ಕಾಲದಲ್ಲಿ ಆಲದ ಕೊಂಬೆಗೆ ತಂತಿ ಒಂದೂವರೆ ಎರಡು ತಿಂಗಳಲ್ಲೇ ಕಚ್ಚುತ್ತದೆ. ಬಿದ್ದ ಗುರುತು ವರ್ಷಗಟ್ಟಲೆ ಸುರುಳಿಯಾಗಿ ಕಾಣುತ್ತದೆ. ಎಲೆ ಪೂರಾ ಕಿತ್ತು ಸಣ್ಣ ಎಲೆ ತರಿಸುವ ಕೆಲಸ ಕೊನೆಯ ಘಟ್ಟದ್ದು. ಕೊಂಬೆಗಳೆಲ್ಲ ಸಿದ್ಧವಾಗಿ, ಮರ ಗಟ್ಟಿಯಾಗಿದ್ದಾಗ ಮಾತ್ರ. ದಪ್ಪ ಬೇಕಾದ ಕಾಲದಲ್ಲಿ ಎಲೆ ಕೀಳುವುದು ದುಡಿಯುವವರನ್ನೇ ಮನೆಯಿಂದ ಓಡಿಸಿದ ಹಾಗೆ.

ಬಿಳಲು ಬೇಕು ಅನ್ನುವವರಿಗೆ ಒಂದು ಸಣ್ಣ ಉಪಾಯ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬಿಳಲು ತಾನಾಗಿ ಇಣುಕುತ್ತದೆ, ಒಣ ಗಾಳಿಗೆ ತುದಿ ಕರಕಲಾಗುತ್ತದೆ. ಇಣುಕಿದ ತಕ್ಷಣ ಜ್ಯೂಸ್ ಕುಡಿಯುವ ಸ್ಟ್ರಾ ಒಂದನ್ನು ಉದ್ದಕ್ಕೆ ಸೀಳಿ, ಒಳಗೆ ಒದ್ದೆ ಪಾಚಿ (ಮಾಸ್) ತುಂಬಿ, ಬಿಳಲಿಗೆ ತೊಡಿಸಿ ಮಣ್ಣಿನವರೆಗೆ ಇಳಿಸಿ. ಮಣ್ಣು ಮುಟ್ಟಿದ ಮೇಲೆ ಅದು ಹಗ್ಗದಂತೆ ಬಿಗಿದುಕೊಂಡು ದಪ್ಪಗಾಗುತ್ತದೆ. ಅದು ಇಳಿದ ಕೊಂಬೆಯೂ ಜೊತೆಗೇ ದಪ್ಪಗಾಗುತ್ತದೆ. ಅದಕ್ಕೇ ತಲೆಯ ತುದಿಯ ಸಣ್ಣ ಕೊಂಬೆಗಳಿಂದ ಬಿಳಲು ಇಳಿಸಬೇಡಿ.

ಕೊನೆಗೆ ಬಂದ ಕೆಲವು ಪ್ರಶ್ನೆಗಳು.

"ಮನೆಯೊಳಗೆ ಇಡಬಹುದಾ?" ಸಿದ್ಧವಾದ ಮರವನ್ನು ಬೆಳಕಿನ ಕಿಟಕಿಯ ಹತ್ತಿರ ಇಡಬಹುದು, ಆಲ ಸಹಿಸುತ್ತದೆ. ಬೊಡ್ಡೆಯನ್ನು ಮರ ಮಾಡುವ ವರ್ಷಗಳಲ್ಲಿ ಬೇಡ. ಬಿಸಿಲಿಲ್ಲದೆ ದಪ್ಪ ಬರುವುದಿಲ್ಲ.

"ಎಲೆ ಮಡಚಿಕೊಂಡು ಒಳಗೆ ಕಪ್ಪು ಹುಳ ಇರುತ್ತದೆ, ಏನದು?" ಥ್ರಿಪ್ಸ್ ನುಸಿ. ಎಲೆಯ ರಸ ಹೀರಿ, ಮಡಚಿ, ಒಳಗೇ ಮೊಟ್ಟೆಯಿಡುತ್ತವೆ. ಮಡಚಿದ ಎಲೆಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ. ಒಳಗೆ ಅವಿತಿರುವುದರಿಂದ ಮೇಲಿನ ಸಿಂಪಡಣೆ ಅಷ್ಟಾಗಿ ತಾಗುವುದಿಲ್ಲ.

"ನನ್ನ ಬೊಡ್ಡೆಗೆ ಎಷ್ಟು ವಯಸ್ಸು ಅಂತ ಹೇಳಿಕೊಳ್ಳಲಿ?" ಇದಕ್ಕೆ ಸಭೆ ನಕ್ಕಿತು. ಇಟಲಿಯ ಮಿಲಾನ್ ಹತ್ತಿರ ಪರಾಬಿಯಾಗೋ ಅನ್ನುವ ಊರಿನಲ್ಲಿ ಕ್ರೆಸ್ಪಿ ಬೋನ್ಸಾಯ್ ವಸ್ತುಸಂಗ್ರಹಾಲಯ ಇದೆ. ಅಲ್ಲಿನ ಪ್ರಸಿದ್ಧ ಫೈಕಸ್‌ಗೆ ಸಾವಿರ ವರ್ಷ ಅನ್ನುತ್ತಾರೆ. ಬಿಸಿನಾಡಿನ ಆಲಗಳಲ್ಲಿ ವರ್ಷಕ್ಕೊಂದರಂತೆ ಎಣಿಸಬಹುದಾದ ಉಂಗುರ ಸ್ಪಷ್ಟವಾಗಿ ಸಿಗುವುದಿಲ್ಲ. ಅದಕ್ಕೆ ನಾನು ವಯಸ್ಸು ಹೇಳುವುದಿಲ್ಲ, ತಂದ ವರ್ಷ ಹೇಳುತ್ತೇನೆ. ಕುಂಡದ ಹಿಂಬದಿಗೆ ಬರೆದಿಟ್ಟಿರುತ್ತೇನೆ.

"ಇದು ಬೋನ್ಸಾಯ್ ಕುಂಡಕ್ಕೆ ಹೋಗುವುದು ಯಾವಾಗ?" ಟೊಂಗೆಗಳ ದಪ್ಪ ಸಾಕು ಅನ್ನಿಸಿದಾಗ. ಆಳವಿಲ್ಲದ ಕುಂಡಕ್ಕೆ ಹೋದ ದಿನದಿಂದ ಬೆಳವಣಿಗೆ ಅರ್ಧಕ್ಕರ್ಧ ಇಳಿಯುತ್ತದೆ. ಈ ಗಾತ್ರಕ್ಕೆ ಎಂಟು ವರ್ಷಕ್ಕಿಂತ ಮುಂಚೆ ನಾನಂತೂ ಹಾಕುವುದಿಲ್ಲ.

ಆಮೇಲೆ ಎಲ್ಲರೂ ಮೇಜಿನ ಸುತ್ತ ನೆರೆದರು. ಗೆರೆ ಎತ್ತರವಾಯಿತು ಅಂತ ಕೆಲವರು, ಕಡಿಮೆಯಾಯಿತು ಅಂತ ಕೆಲವರು. ನಾನು ಸೀಮೆಸುಣ್ಣ ಅವರ ಕೈಗೇ ಕೊಟ್ಟು ಚಹಾ ಕುಡಿಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಬೊಡ್ಡೆಯ ಮೇಲೆ ಐದು ಗೆರೆಗಳಿದ್ದವು. ಎಲ್ಲಕ್ಕಿಂತ ಕೆಳಗಿನದ್ದು ನನ್ನದಕ್ಕಿಂತ ಒಂದು ಹಿಡಿ ಕೆಳಗಿತ್ತು. ಯಾರು ಎಳೆದರೋ ತಿಳಿಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಬುಡವನ್ನು ಇನ್ನೊಮ್ಮೆ ತೊಳೆದು ನೋಡಿದೆ. ಆ ಗೆರೆಯ ಕೆಳಗೆ, ಹಿಂಬದಿಯಲ್ಲಿ, ಎರಡು ಕಣ್ಣು ಆಗಲೇ ಉಬ್ಬಿದ್ದವು. ಅಲ್ಲಿಗೇ ಕಡಿದೆ.